ನೀಲಿ ಔಷಧಿ

ಮರಿಯಾಗಿ ತಂದಾಗ ಆ ಕೋಳಿಗೆ ನಾಲ್ಕು ಡಾಲರ್. ಪಶುವೈದ್ಯ ಅದನ್ನು ಮುಟ್ಟಿ ನೋಡುವುದಕ್ಕೇ ತೊಂಬತ್ತು ಕೇಳಿದ. ಮೇವಿನಂಗಡಿಯಲ್ಲಿ ಗಾಯಕ್ಕೆ ಹೊಡೆಯುವ ನೀಲಿ ಔಷಧಿಗೆ ಒಂಬತ್ತು. ಕೊಡಲಿಗೆ ಖರ್ಚಿಲ್ಲ, ಅದು ಮನೆಯಲ್ಲೇ ಇತ್ತು.

ಆರ್ಡಿಸ್ ಕೊಡಲಿ ತರಲೆಂದೇ ಹೊರಟಿದ್ದಳು. ರಕೂನ್ ಎಂಬ ಕಾಡುಪ್ರಾಣಿ ರಾತ್ರಿ ಕೋಳಿಗೂಡಿನ ತಂತಿ ಕಿತ್ತು ನುಗ್ಗಿ, ಆ ಕಂದು ಹೇಂಟೆಯ ಬೆನ್ನಿನ ಚರ್ಮವನ್ನು ಅಂಗೈಯಗಲ ಸುಲಿದು ಹೋಗಿತ್ತು. ಕೋಳಿಯನ್ನು ಹಳೇ ಟವೆಲಿನಲ್ಲಿ ಸುತ್ತಿಟ್ಟು ಅವಳು ಬಾಗಿಲು ತೆಗೆಯುವಾಗ ಕಿಟಕಿ ಪಕ್ಕದ ಕುರ್ಚಿಯಿಂದ ಲೈಲ್ ಅಂದ, "ಬೇಡ."

ಹೋದ ಚಳಿಗಾಲದಲ್ಲಿ ಲಕ್ವ ಹೊಡೆದ ಮೇಲೆ ಅವಳ ಗಂಡ ತಾನಾಗಿ ಬಾಯಿಬಿಟ್ಟದ್ದೇ ಅಪರೂಪ. ಸಾಮಿಲ್ಲಿನಲ್ಲಿ ಆಯುಷ್ಯವಿಡೀ ದಿಮ್ಮಿ ಉರುಳಿಸಿದ ಬಲಗೈ ಈಗ ಮುಷ್ಟಿ ಕಟ್ಟಿಕೊಂಡು ತೊಡೆಯ ಮೇಲೆ ಬಿದ್ದಿರುತ್ತಿತ್ತು. ವ್ಯಾಯಾಮ ಮಾಡಿಸಲು ಆಸ್ಪತ್ರೆಯಿಂದ ಬರುವ ಹುಡುಗಿ ಕೊಟ್ಟ ಮೆತ್ತನೆ ಚೆಂಡನ್ನು ಅವನು ಮುಟ್ಟಿಯೂ ನೋಡಿರಲಿಲ್ಲ. "ಈ ಬೇಸಿಗೆ ಒಳಗೆ ಬೆರಳು ಬಿಚ್ಚದಿದ್ರೆ ಆಮೇಲೆ ಆಸೆ ಇಟ್ಕೋಬೇಡಿ," ಎಂದು ಅವಳು ಆರ್ಡಿಸ್‌ಳನ್ನು ಹೊರಗೆ ಕರೆದು ಹೇಳಿದ್ದಳು.

ಅಂಥವನು ಬೇಡ ಅಂದ ಮೇಲೆ ಒಂಬತ್ತು ಡಾಲರ್ ದೊಡ್ಡದಲ್ಲ. ಆರ್ಡಿಸ್ ಉಪ್ಪುನೀರಿನಲ್ಲಿ ಗಾಯ ತೊಳೆದು ನೀಲಿ ಹೊಡೆದಳು. ಕೆಂಪು ಕಂಡರೆ ಕೋಳಿಗಳು ಕುಕ್ಕದೆ ಬಿಡುವುದಿಲ್ಲ. ಆ ಔಷಧಿಯ ಅರ್ಧ ಕೆಲಸ ಗಾಯ ಮಾಯಿಸುವುದು, ಉಳಿದರ್ಧ ಕೆಂಪನ್ನು ಮರೆಮಾಡುವುದು. ಕೋಳಿ ಸಾಕುವವರಿಗೆಲ್ಲ ಗೊತ್ತಿರುವ ಮಾತು. ಆದರೆ ಆ ಮನೆಯಲ್ಲಿ ಕೋಳಿ ಅವಳ ಪಾಲಿನದು. ಲೈಲ್ ಗೂಡಿನೊಳಗೆ ಕಾಲಿಟ್ಟವನಲ್ಲ.

ಹಿಂಬಾಗಿಲ ಕೋಣೆಯಲ್ಲಿ ರಟ್ಟಿನ ಪೆಟ್ಟಿಗೆಯೇ ಅದರ ಆಸ್ಪತ್ರೆಯಾಯಿತು. ಕೋಳಿ ಏನನ್ನೂ ಮುಟ್ಟಲಿಲ್ಲ. ಕೊನೆಗೆ ಲೈಲ್ ಕೋಲೂರಿಕೊಂಡು ಬಂದು ಪಕ್ಕದಲ್ಲಿ ಕೂತ. ಎಡಗೈಯಿಂದ ಬಲಗೈ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಅಂಗೈಯಲ್ಲಿ ಬೇಯಿಸಿದ ಮೊಟ್ಟೆಯ ಚೂರಿಟ್ಟು, "ತಿನ್ನು ಹುಡುಗಿ," ಎಂದ. ಕೋಳಿ ತಿಂದಿತು. ದಿನ ಕಳೆದಂತೆ ಪೆಟ್ಟಿಗೆ ಕಂಡೊಡನೆ ಆ ಮುಷ್ಟಿ ತಾನೇ ಸಡಿಲಾಗತೊಡಗಿತು. ಆರ್ಡಿಸ್ ನೋಡಿಯೂ ನೋಡದವಳಂತಿದ್ದಳು. ದೃಷ್ಟಿ ತಾಗೀತೆಂಬ ಭಯ.

ಪಕ್ಕದ ತೋಟದ ವರ್ನಾ ಒಂದು ದಿನ ಹಣ್ಣಿನ ಪೈ ಮಾಡಿ ತಂದವಳು ಮೂಗು ಮುಚ್ಚಿಕೊಂಡಳು. "ಏನೇ ಇದು, ನಿಮ್ಮನೆ ಗೂಡಿಗಿಂತ ನಾರ್ತಿದೆ. ನನ್ನ ಗಂಡನಿಗೆ ಹರ್ನಿಯಾ ಆದಾಗ್ಲೂ ನಾನು ಇಷ್ಟು ಉಪಚಾರ ಮಾಡಿರ್ಲಿಲ್ಲ."

"ಅದಕ್ಕೇ ಪಾಪ, ಬೇಗ ಎದ್ದು ಕೆಲಸಕ್ಕೆ ಓಡಿದ," ಅಂದಳು ಆರ್ಡಿಸ್. ಲೈಲ್‌ನ ಅರ್ಧ ಮುಖ ನಕ್ಕಿತು.

"ವಾಪಸ್ ಬಿಡೋವಾಗ ಇವಳನ್ನ ಪಂಜರದಲ್ಲಿಟ್ಟು ಗೂಡೊಳಗೆ ಒಂದು ವಾರ ಇಡು," ಅಂದಳು ವರ್ನಾ. "ಉಳಿದವಕ್ಕೆ ಇವಳೀಗ ಯಾರೋ ಹೊಸಬಳು."

"ಕತ್ತಲಾದ ಮೇಲೆ ಅವು ಮಲಗೋ ಅಡ್ಡಗೋಲಿನ ಮೇಲೆ ಕೂರಿಸಿದ್ರೆ ಬೆಳಗಾಗೋದ್ರಲ್ಲಿ ಒಂದಾಗ್ತವೆ ಬಿಡು. ನಮ್ಮಮ್ಮ ಹಂಗೇ ಮಾಡ್ತಿದ್ಲು."

ಗಾಯ ಕೂಡಿ ಹಕ್ಕಳೆ ಕಟ್ಟಿತು. ಒಂದು ಶನಿವಾರ ಪೇಟೆಗೆ ಹೊರಡುವಾಗ ಆರ್ಡಿಸ್ ಹೇಳಿದಳು, "ಇವತ್ತು ಇದನ್ನ ಗೂಡಿಗೆ ಬಿಡ್ತೀನಿ. ನಾಳೆಯಿಂದ ನೀನೇ ಅಲ್ಲಿಗೆ ಬಂದು ತಿನ್ನಿಸು. ನಡೆದ ಹಾಗೂ ಆಗುತ್ತೆ."

ಅವಳು ಮರಳುವಾಗ ಹೊತ್ತು ಮುಳುಗುತ್ತಿತ್ತು. ಹಿಂಬಾಗಿಲ ಕೋಣೆ ತುಂಬ ನೀರು. ಲೈಲ್ ತೋಳಿನವರೆಗೂ ನೆನೆದಿದ್ದ. ಎರಡೂ ಕೈ ಎತ್ತಿ ಅವಳ ಮುಂದೆ ಹಿಡಿದ. ಬೆರಳ ತುದಿಗಳು ನೀಲಿಯಾಗಿದ್ದವು.

"ತೊಳೆದೆ. ಮನೆಗೆ ಹೋಗ್ತಾಳಲ್ಲ. ಎರಡೂ ಕೈಲಿ ತೊಳೆದೆ."

ಆರ್ಡಿಸ್ ಆ ಬಲಗೈಯನ್ನು ಹಿಡಿದು ಕೆನ್ನೆಗೆ ಒತ್ತಿಕೊಂಡಳು. ಅವಳು ಕೈಯನ್ನು ನೋಡಿದಳು, ಕೋಳಿಯನ್ನು ನೋಡಲಿಲ್ಲ. ಕತ್ತಲಾದ ಮೇಲೆ ಅದನ್ನು ಟವೆಲಿನಲ್ಲಿ ಸುತ್ತಿ ಒಯ್ದು, ಉಳಿದವುಗಳ ನಡುವೆ ಅಡ್ಡಗೋಲಿನ ಮೇಲೆ ಕೂರಿಸಿ, ರಕೂನ್ ಕಿತ್ತಿದ್ದಲ್ಲಿ ತಾನೇ ಹೊಸದಾಗಿ ಬಿಗಿದ ತಂತಿಯನ್ನು ಎಳೆದು ನೋಡಿ ಬಂದಳು.

ಬೆಳಿಗ್ಗೆ ಅದು ಮೂಲೆಯಲ್ಲಿ ಗೋಡೆಗೆ ತಲೆ ತುರುಕಿಕೊಂಡು ಸತ್ತಿತ್ತು. ಲೈಲ್ ತೊಳೆದ ಬಿಸಿನೀರಿಗೆ ನೀಲಿಯೂ ಹೋಗಿ, ಹಕ್ಕಳೆಯೂ ಕಳಚಿ ಕೆಂಪು ಹೊರಬಿದ್ದಿತ್ತು. ಬೆಳಕು ಹರಿದೊಡನೆ ಉಳಿದವು ಮೂಳೆ ಕಾಣುವವರೆಗೆ ಕುಕ್ಕಿದ್ದವು. ಅವಳು ಅದನ್ನು ಏಪ್ರನ್ನಿನೊಳಗೆ ಸುತ್ತಿಕೊಳ್ಳುವಷ್ಟರಲ್ಲಿ ಹಿಂದೆ ಕೋಲಿನ ಸದ್ದಾಯಿತು. ಲಕ್ವ ಹೊಡೆದಂದಿನಿಂದ ಲೈಲ್ ಹಿಂಬಾಗಿಲ ಮೆಟ್ಟಿಲು ಇಳಿದದ್ದು ಅದೇ ಮೊದಲು. ಬಲ ಅಂಗೈಯಲ್ಲಿ ಮೊಟ್ಟೆಯ ಚೂರಿತ್ತು.

"ರಕೂನ್," ಅಂದಳು ಆರ್ಡಿಸ್.

ಲೈಲ್ ಹೊಸ ತಂತಿ ನೋಡಿದ. ಎಲ್ಲೂ ಹರಿದಿರಲಿಲ್ಲ. ಕೋಳಿಗಳ ಕೊಕ್ಕು ನೋಡಿದ. ಆಮೇಲೆ ತನ್ನ ಬೆರಳುಗಳನ್ನು ನೋಡಿಕೊಂಡ.

"ನೀಲಿ ಯಾಕೆ ಹಚ್ಚೋದು ಅಂತ ನೀನು ಹೇಳ್ಲೇ ಇಲ್ಲ."

"ಹೇಳ್ಬೇಕಿತ್ತು."

ಮೊಟ್ಟೆಯ ಚೂರು ಒಳಗಿದ್ದಂತೆಯೇ ಆ ಕೈ ಮುಚ್ಚಿಕೊಂಡಿತು. ಸಂಜೆ ಆರ್ಡಿಸ್ ಬೆರಳು ಬಿಡಿಸಿ ಅಂಗೈ ತೊಳೆಯಬೇಕಾಯಿತು. ವರ್ನಾ ಇನ್ನೊಂದು ಕೋಳಿ ತಂದುಕೊಟ್ಟಳು. ಅವನು ಅದರತ್ತ ತಿರುಗಲಿಲ್ಲ. ಬೇಸಿಗೆ ಕಳೆದ ಮೇಲೆ ಆಸ್ಪತ್ರೆಯ ಹುಡುಗಿ ಬರುವುದನ್ನು ನಿಲ್ಲಿಸಿದಳು.

ಕೋಳಿಯೂ ಹೋಯಿತು, ಕೈಯೂ ಹೋಯಿತು.