ಹಿಂದಿನ ಸೀಟಿನ ಕುಲುಕಾಟ

ಗ್ಯಾರೇಜಿನ ಬೆಂಚಿನ ಮೇಲೆ ಕೂತ ವ್ಯಾನಿನವನಿಗೆ ಮತ್ತೆ ಏಳುವುದೇ ಬೇಡ ಅನ್ನಿಸಿತ್ತು. ವಾರಕ್ಕೆ ಮೂರು ದಿನ ಏಳು ಜನರನ್ನು ಡಯಾಲಿಸಿಸ್‌ಗೆ ಕರೆದೊಯ್ದು, ತಿರುಗಿ ಮನೆಮನೆಗೆ ಬಿಡುವ ಕೆಲಸ ಅವನದು. ಆ ಏಳರಲ್ಲಿ ಒಬ್ಬಳು ಅವನ ಸ್ವಂತ ಅಕ್ಕ.

"ಇನ್ನು ಬರಲ್ಲ ಕಣೋ," ಅಂದುಬಿಟ್ಟಿದ್ದಳು ಅವಳು, ನಿನ್ನೆ ವ್ಯಾನಿನಿಂದ ಇಳಿಯುತ್ತ. "ಮಷೀನಿನ ಹತ್ರ ನಾಲ್ಕು ಗಂಟೆ ಬೇಕಾದ್ರೂ ಮಲಗ್ತೀನಿ. ನಿನ್ನ ವ್ಯಾನಲ್ಲಿ ಮುಕ್ಕಾಲು ಗಂಟೆ ಕೂರೋಕಾಗಲ್ಲ."

ಹೋಗದಿದ್ದರೆ ಏನಾಗುತ್ತದೆಂದು ಅವಳಿಗೂ ಗೊತ್ತು, ಅವನಿಗೂ ಗೊತ್ತು. ತಮ್ಮನ ಗಾಡಿ ಇರುವಾಗ ಬೇರೆಯವರ ಗಾಡಿ ಹತ್ತುವವಳೂ ಅಲ್ಲ ಅವಳು. ಹಟಕ್ಕೆ ಬಿದ್ದರೆ ಬಿದ್ದಳೇ.

"ಒಳ್ಳೇ ಟೈರು, ಶಾಕ್ ಅಬ್ಸಾರ್ಬರ್ ಹಾಕ್ಕೊಡಿ, ಸಾಕು," ಅಂದ ಮೆಕ್ಯಾನಿಕ್‌ಗೆ, ಅಕ್ಕನ ಮಾತನ್ನೆಲ್ಲ ಹೇಳಿ.

ಮೆಕ್ಯಾನಿಕ್‌ನದು ಒಂದು ಪದ್ಧತಿ. ಮಾಲೀಕನನ್ನು ಹಿಂದಿನ ಸೀಟಿನಲ್ಲಿ ಕೂರಿಸಿ, ತಾನೇ ಒಂದು ಸುತ್ತು ಓಡಿಸದೆ ಯಾವ ವ್ಯಾನಿಗೂ ಸ್ಪ್ಯಾನರ್ ಮುಟ್ಟಿಸುತ್ತಿರಲಿಲ್ಲ. "ಹಿಂದೆ ಕೂತ್ಕೊಳಪ್ಪ. ಆರು ವರ್ಷದಿಂದ ಮುಂದೆ ಮಹಾರಾಜನ ಹಾಗೆ ಕೂತಿದ್ದೀಯ."

ಮೊದಲ ಗುಂಡಿಗೆ ತಲೆ ಚಾವಣಿಗೆ ಬಡಿಯಿತು. ಎರಡನೆಯದಕ್ಕೆ ಹೊಟ್ಟೆಯಲ್ಲಿದ್ದದ್ದು ಗಂಟಲಿಗೆ ಬಂತು. "ನಿಧಾನ, ನಿಧಾನ!" ಎಂದು ಕೂಗಿಕೊಂಡ. ಅಕ್ಕ ಎಷ್ಟು ಸಲ ಹಾಗೆ ಕೂಗಿದ್ದಳೋ. "ಇನ್ನೇನು ಬಂತು ಸುಮ್ನಿರು" ಎಂದು ಗದರಿದ್ದವನು ಅವನೇ. ಗಟ್ಟಿಮುಟ್ಟಾದ ತನಗೇ ಹೀಗಾದರೆ ನಿತ್ರಾಣವಾಗಿ ಬರುವ ಅವಳ ಗತಿ? ಅವನಿಗೆ ನಾಚಿಕೆಯಾಯಿತು.

ಮೆಕ್ಯಾನಿಕ್ ಗಾಡಿಯ ಕೆಳಗೆ ತೂರಿದ. "ಸ್ಪ್ರಿಂಗಿಗೆ ಈ ಹೆಚ್ಚಿನ ಪ್ಲೇಟು ಯಾರು ಹಾಕಿಸಿದ್ದು?"

"ನಾನೇ. ಭಾನುವಾರ ಪ್ರವಾಸಕ್ಕೆ ಹದಿನಾಲ್ಕು ಜನ, ಮೇಲೆ ಲಗೇಜು. ಹಿಂದುಗಡೆ ಕುಸೀತಿತ್ತು."

"ಲಗೇಜಿಗೆ ಅಂತ ಬಿಗಿ ಮಾಡಿದ ಗಾಡೀಲಿ ಕಾಯಿಲೆಯವರನ್ನ ಕೂರಿಸ್ತಿದ್ದೀಯ. ಟೈರಿಗೂ ಹದಿನಾಲ್ಕು ಜನದ ಗಾಳಿ. ಕುಲುಕದೆ ಇನ್ನೇನಾಗುತ್ತೆ?"

ವ್ಯಾನಿನವನ ಕಣ್ಣು ಮೂಲೆಯಲ್ಲಿದ್ದ ದಪ್ಪ ಹಲ್ಲಿನ ಟೈರುಗಳ ಮೇಲೆ ಹೋಯಿತು. ನೋಡಿದರೆ ಎದೆ ಉಬ್ಬುವಂಥವು.

"ಅವು ಕಲ್ಲುಮಣ್ಣಿನ ದಾರಿಗೆ, ನಿಮ್ಮಕ್ಕನಿಗಲ್ಲ. ಭಾರ ತಡೆಯೋ ಸಾದಾ ಟೈರು ಹಾಕೋಣ, ಏಳು ಜನಕ್ಕೆ ತಕ್ಕ ಗಾಳಿ. ಶಾಕ್ ಅಬ್ಸಾರ್ಬರ್ ಹೊಸದು. ಆ ಪ್ಲೇಟು ತೆಗೀಬೇಕು. ತೆಗೆದ್ರೆ ಪ್ರವಾಸ ಮರೆತುಬಿಡು."

ವಾರಕ್ಕೆ ಮೂರು ದಿನ ಏಳು ಜನರ ನರಳಾಟ ಕೇಳಿ ಸುಸ್ತಾದ ಅವನ ಕಿವಿಗೆ ಯಾರಾದರೂ ಹಾಡುವುದು ಬೀಳುತ್ತಿದ್ದದ್ದು ಆ ಭಾನುವಾರಗಳಲ್ಲಿ ಮಾತ್ರ.

"ತೆಗೀರಿ," ಅಂದ.

ಮರುದಿನ ಅಕ್ಕನ ಮನೆ ಬಾಗಿಲಲ್ಲಿ ನಿಂತು ಕೈಮುಗಿದ. "ಇವತ್ತೊಂದಿನ ಬಾ. ಆಮೇಲೆ ನಿನ್ನಿಷ್ಟ." ಗೊಣಗುತ್ತಲೇ ಹತ್ತಿದಳು. ವಾಪಸು ಬರುವಾಗ ಕನ್ನಡಿಯಲ್ಲಿ ಅವಳ ಮುಖ ನೋಡುವ ಧೈರ್ಯ ಅವನಿಗೆ ಬರಲಿಲ್ಲ.

ಮನೆ ಮುಂದೆ ಬಾಗಿಲು ಹಿಡಿದು ಇಳಿದಳು.

"ಹೇಗಿತ್ತಕ್ಕ?"

"ನೋಯುತ್ತೆ. ನೋಯದೆ ಇರುತ್ತಾ?"

ಅವಳು ಗೇಟಿನವರೆಗೆ ನಡೆದು, ಉಸಿರಿಗಾಗಿ ನಿಂತು, ತಿರುಗಿ ನೋಡಿದಳು.

"ನಾಳಿದ್ದು ಏಳಕ್ಕೇ ಬಾ. ತಡ ಮಾಡಿದ್ರೆ ಕಿಟಕಿ ಪಕ್ಕದ ಮಷೀನು ಬೇರೆಯವರ ಪಾಲಾಗುತ್ತೆ."