ಬೆರಳಿನ ವಾರಸುದಾರ

ಮಾಚೇನಹಳ್ಳಿಯ ವರ್ಕ್‌ಶಾಪಿನಲ್ಲಿ ತಗಡು ಒತ್ತುವ ಪವರ್ ಪ್ರೆಸ್ಸು ನನ್ನ ಎಡಗೈ ಕಿರುಬೆರಳನ್ನು ನುಂಗಿದಾಗ ನಾನು ಕೂಗಲೇ ಇಲ್ಲ, ಕೂಗಿದ್ದು ಪ್ರೆಸ್ಸು. ಆ ಸದ್ದು ಭದ್ರಾವತಿಯವರೆಗೂ ಕೇಳಿಸಿತ್ತು. ಮರುವರ್ಷವೇ ಮಗಳು ಕವನ ಹುಟ್ಟಿದಳು. ಎಡಗೈಗೆ ಆರು ಬೆರಳು! ಕಿರುಬೆರಳಿನ ಪಕ್ಕ ಸೂಜಿಮೆಣಸಿನಷ್ಟು ಇನ್ನೊಂದು. "ನೋಡ್ರೋ, ಈ ಭೈರಪ್ಪನ ಬೆರಳು ಎಲ್ಲೂ ಹೋಗ್ಲಿಲ್ಲ, ಮಗಳ ಕೈಯಲ್ಲಿ ಚಿಗುರ್ತು!" ಎಂದು ನಾನು ನಮ್ಮೂರು ಮಲವಗೊಪ್ಪದ ತುಂಬ ಪೇಡೆ ಹಂಚಿದ ರಭಸಕ್ಕೆ ಶಿವಮೊಗ್ಗದ ಅಂಗಡಿಗಳಲ್ಲಿ ವಾರವಿಡೀ ಪೇಡೆಯೇ ಸಿಗಲಿಲ್ಲ.

ಹೆಂಡತಿ ಹಾಲಮ್ಮನಿಗೆ ಆ ಬೆರಳು ಬೇಡ. "ತೆಗೆಸ್ಬಿಡಿ ಮಾರಾಯ್ರೆ. ನಾಳೆ ಹೆಣ್ಣು ನೋಡೋಕೆ ಬಂದೋರು ಮುಖ ನೋಡಲ್ಲ, ಬೆರಳು ಎಣಿಸ್ತಾರೆ."

ಕವನಳೇ ಅಡ್ಡ ನಿಲ್ಲುತ್ತಿದ್ದಳು. "ಇದು ಅಪ್ಪಂದು. ಕೊಡಲ್ಲ."

ಚಿಕ್ಕವಳಿದ್ದಾಗ ಆ ಬೆರಳನ್ನು ನನ್ನ ಕೈಯ ಖಾಲಿ ಜಾಗಕ್ಕೆ ಒತ್ತಿಕೊಂಡೇ ನಿದ್ದೆ ಮಾಡುತ್ತಿದ್ದಳು. ಯಾವ ಮಹಾರಾಜನಿಗೂ ಅಂಥ ಉಂಗುರ ಇರಲಿಲ್ಲ ಬಿಡಿ.

ಅವಳು ಹತ್ತನೇ ಕ್ಲಾಸಿಗೆ ಬಂದಾಗ ಶಾಮಲಾ ಮಿಸ್ ಎಂಬ ಹೊಸ ಜೀವಶಾಸ್ತ್ರದ ಟೀಚರು ಬಂದರು. ಪಾಠವನ್ನು ಆಟ ಮಾಡಿಬಿಡುವವರು. ಒಬ್ಬರಂತೆ ಇನ್ನೊಬ್ಬರು ಯಾಕಿರುವುದಿಲ್ಲ ಎಂದು ತೋರಿಸಲು ಮಕ್ಕಳಿಗೆ ಕನ್ನಡಿ ಕೊಟ್ಟು ನಾಲಿಗೆ ಸುರುಳಿ ಸುತ್ತಿಸಿದರು. ಯಾರ ಕಿವಿಯ ಹಾಲೆ ಅಂಟಿದೆ, ಯಾರದು ನೇತಾಡುತ್ತದೆ ಎಂದು ನೋಡಿಸಿದರು. ಕೊನೆಗೆ, ಮನೆಯವರೆಲ್ಲರ ಕೈಯನ್ನು ಹಾಳೆಯ ಮೇಲಿಟ್ಟು ಸುತ್ತ ಗೆರೆ ಎಳೆದು ತನ್ನಿ ಎಂದರು.

ನಾನು ಮೊದಲು ಕೈ ಚಾಚಿದೆ. "ಇಂಥ ಕೈ ಏಷ್ಯಾದಲ್ಲೇ ಇಲ್ಲ ಅಂತ ನಿಮ್ಮ ಮಿಸ್ಸಿಗೆ ಹೇಳು."

ಹಾಲಮ್ಮ ಒಲ್ಲೆನೆಂದಳು. ಕವನ ಬಿಡಲಿಲ್ಲ. ತಾಯಿಯ ಕಿರುಬೆರಳಿನ ಬುಡದಲ್ಲಿ ಪೆನ್ಸಿಲ್ಲು ಎಡವಿತು. ಅಲ್ಲಿ ಜೋಳದ ಕಾಳಿನಷ್ಟು ಗಂಟು.

"ಇದೇನಮ್ಮ?"

"ಹುಟ್ಟಿದಾಗ ನಂಗೂ ಆರನೇ ಬೆರಳಿತ್ತಂತೆ. ನಮ್ಮಜ್ಜಿ ದಾರ ಬಿಗಿದು ಉದುರಿಸಿದ್ಲು."

ನಾನು ನಗಿಸಲು ಏನೋ ಹೇಳಿದೆ. ಯಾರೂ ನಗಲಿಲ್ಲ.

ಮರುದಿನ ಕವನ ಶಾಲೆಯಿಂದ ಬಂದವಳೇ ನನ್ನ ಎದುರು ಕೂತಳು. "ಮಿಸ್ಸನ್ನ ಕೇಳ್ದೆ ಅಪ್ಪ. ಮಿಷಿನ್‌ಗೆ ಸಿಕ್ಕಿ ಹೋಗಿದ್ದು ಮಕ್ಕಳಿಗೆ ಬರಲ್ವಂತೆ. ಹುಟ್ಟುವಾಗ ಇದ್ದಿದ್ದು, ಉದುರಿಸಿದ್ರೂ ಬರತ್ತಂತೆ."

"ನಿಮ್ಮ ಮಿಸ್ಸು ಯಾವತ್ತಾದ್ರೂ ಪ್ರೆಸ್ ಓಡ್ಸಿದಾಳಾ?"

"ಇದು ನಿಂದಲ್ಲ ಅಪ್ಪ, ಅಮ್ಮಂದು. ಅವಳಿಗೇ ಬೇಡ ಅಂದ್ರೆ ತೆಗೆಸ್ಬಿಡೋಣ."

ಊರಿಗೆ ಊರನ್ನೇ ಮಾತಿನಲ್ಲಿ ಸೋಲಿಸುತ್ತಿದ್ದ ನಾನು ಎದ್ದು ಚಪ್ಪಲಿ ಮೆಟ್ಟಿ, ಡಾಕ್ಟರ ವಿಳಾಸ ಕೇಳಲು ಹೊರಟೆ.

ಶಿವಮೊಗ್ಗದ ಡಾಕ್ಟರು ವೀಳ್ಯದೆಲೆಯ ತೊಟ್ಟು ಮುರಿದಷ್ಟು ಸಲೀಸಾಗಿ ಕೆಲಸ ಮುಗಿಸಿದರು. ವಾಪಸು ಬರುವ ಬಸ್ಸಿನಲ್ಲಿ ಕವನ ಕಿಟಕಿಯ ಪಕ್ಕ ಕೂತಿದ್ದಳು, ಬ್ಯಾಂಡೇಜಿನ ಕೈ ಮಡಿಲಲ್ಲಿ. ತುಂಗೆಯ ಸೇತುವೆ ದಾಟುವಾಗ ಕೇಳಿದಳು:

"ಅಪ್ಪ, ಇಲ್ದಿರೋ ಬೆರಳು ನೋಯ್ತಿದೆ. ನಿಂಗೂ ಹಿಂಗೇ ಆಗಿತ್ತಾ?"

"ಈಗ್ಲೂ ಆಗತ್ತೆ."

"ಮತ್ತೆ ಯಾವತ್ತೂ ಹೇಳ್ಲೇ ಇಲ್ಲ?"

ನಾನು ಎಡಗೈಯನ್ನು ಅವಳ ಕಡೆ ಚಾಚಿದೆ. ಎಲ್ಲಿ ತಾಗೀತೋ ಎಂದು ಅವಳು ಬ್ಯಾಂಡೇಜಿನ ಕೈಯನ್ನು ಕಿಟಕಿಯ ಕಡೆಗೆ ಸರಿಸಿಕೊಂಡಳು.