ಉಚ್ಚೆ ಪರೀಕ್ಷೆ

"ಹಿಡಿಯೋ ಬೋಳಿಮಗನೆ, ನಿನ್ನ ಉಚ್ಚೆಗೆ ಬೇರೆಯವ್ರು ಬಾಟ್ಲಿ ಹಿಡೀಬೇಕಾ?"

ಸೂಪರ್‌ವೈಸರ್ ಮೂಗಿಗೆ ಕರವಸ್ತ್ರ ಒತ್ತಿಕೊಂಡು, ಗೋದಾಮಿನ ಕಕ್ಕಸಿನ ಮುಂದೆ ಸಾಲು ನಿಂತ ಹಮಾಲರಿಗೆ ಒಂದೊಂದು ಬಾಟ್ಲಿ ಕೊಡುತ್ತಿದ್ದ. ಕಸ ಗುಡಿಸುವ ಅಕ್ಕ ಬಕೆಟ್ಟು ಹಿಡಿದು ಪಕ್ಕದಲ್ಲೇ ನಿಂತಿದ್ದಳು. ಸಾಲಿನಲ್ಲಿ ಅವಳ ತಮ್ಮನೂ ಇದ್ದ.

ವ್ಯಾಪಾರ ಜೋರಾಗಿದ್ದಾಗ ಇದೇ ಸೂಪರ್‌ವೈಸರ್ ಇದೇ ಕೈಯಿಂದ ಚಹಾದ ಜೊತೆ ಬಿಳಿ ಮಾತ್ರೆ ಹಂಚುತ್ತಿದ್ದ. ವಿಟಮಿನ್ ಅಂತ ಹೆಸರು. ನುಂಗಿದವನಿಗೆ ಹಸಿವಿಲ್ಲ, ನಿದ್ದೆಯಿಲ್ಲ. ಎರಡು ಪಾಳಿ ಮೂಟೆ ಹೊತ್ತರೂ ಇನ್ನೊಂದು ಲಾರಿ ಎಲ್ಲಿ ಅನ್ನುತ್ತಿದ್ದ. ತಮ್ಮನಿಗಂತೂ ಎಂಜಿನ್ ಅಂತಲೇ ಹೆಸರು ಬಿತ್ತು. ಮನೆಗೆ ಬಂದರೂ ಸುಮ್ಮನೆ ಕೂರುವ ಆಸಾಮಿಯಲ್ಲ. ಹಾಸಿಗೆ, ಪಾತ್ರೆ, ಕೊನೆಗೆ ಮಲಗಿದ್ದ ಅಕ್ಕನನ್ನೂ ಎತ್ತಿ ಈ ಮೂಲೆಯಿಂದ ಆ ಮೂಲೆಗೆ ಹಾಕುತ್ತಿದ್ದ.

ಆಮೇಲೆ ವ್ಯಾಪಾರ ಬಿತ್ತು. ಲಾರಿ ನಿಂತವು, ಮಾತ್ರೆ ನಿಂತಿತು, ಚಟ ನಿಲ್ಲಲಿಲ್ಲ. ಹಿಂದಿನ ಓಣಿಗೆ ಅಗ್ಗದ ಪುಡಿ ಬಂತು. ಅದರಲ್ಲಿ ಏನು ಬೆರೆಸಿದ್ದಾರೋ ದೇವರಿಗೇ ಗೊತ್ತು. ಕೆಲಸ ಕಳೆದುಕೊಂಡ ಕಾವಲುಗಾರ ಅದನ್ನು ಸೇದಿ, ಬಾಯಲ್ಲಿ ನೊರೆ ಬಂದು ಸತ್ತ. ಚಟ ಬಿಡಿಸುವ ಸರ್ಕಾರಿ ವಾರ್ಡಿಗೆ ಹೋದರೆ, ಖಜಾನೆ ಬರಿದಾಗಿದೆ ಎಂದು ಅಲ್ಲೂ ಬೀಗ. ತಮ್ಮನಿಗೆ ಉಳಿದಿದ್ದ ಲಗಾಮು ಈ ಕೂಲಿಯೊಂದೇ. ಅದೂ ಹೋದರೆ ಅವನು ನೆಟ್ಟಗೆ ಓಣಿಗೇ ಹೋಗುತ್ತಾನೆಂದು ಅಕ್ಕನಿಗೆ ಗೊತ್ತಿತ್ತು.

ಧಣಿಗೆ ಆಳು ಕಮ್ಮಿ ಮಾಡಬೇಕಿತ್ತು. ಸುಮ್ಮನೆ ತೆಗೆದರೆ ಪರಿಹಾರ ಕೊಡಬೇಕು. ನಶೆಗಾರ ಅಂತ ತೆಗೆದರೆ ಬಿಡಿಗಾಸೂ ಇಲ್ಲ. ಅದಕ್ಕೇ ಈ ಪರೀಕ್ಷೆ.

ಆದರೆ ಕಕ್ಕಸು ತೊಳೆಯುವವಳು ಅಕ್ಕ. ಮಾತ್ರೆ ಪುಡಿ ಮುಟ್ಟದ ಗುಡಿಸುವ ಹೆಂಗಸರೆಲ್ಲ ಬೆಳಿಗ್ಗೆಯೇ ತಮ್ಮ ಉಚ್ಚೆಯನ್ನು ಒಂದು ಕೊಡಕ್ಕೆ ತುಂಬಿ, ಬಿಸಿ ಆರದಿರಲೆಂದು ಗೋಣಿ ಸುತ್ತಿ ಒಳಗಿಟ್ಟಿದ್ದರು. ಗಂಡಸರು ಒಳಗೆ ಹೋದರು, ಮೊಗೆದರು, ಗಂಭೀರವಾಗಿ ಹೊರಗೆ ಬಂದರು. ಸೂಪರ್‌ವೈಸರ್ ಬಾಟ್ಲಿಗಳಿಗೆ ಅದ್ದಿದ ಪರೀಕ್ಷೆಯ ಕಾಗದದ ಪಟ್ಟಿಗಳಲ್ಲಿ ಒಂದೂ ಬಣ್ಣ ತಿರುಗಲಿಲ್ಲ.

ಇಷ್ಟೂ ಜನ ಸಾಚಾಗಳೇನ್ರೋ ಎಂದು ಅವನು ಕಿರುಚಾಡಿದ. ಪರೀಕ್ಷೆ ಸುಳ್ಳು ಅನ್ನಲು ಬಾಯಿಲ್ಲ, ಮಾತ್ರೆ ತಿನ್ನಿಸಿದವನೇ ಅವನು.

ಅಷ್ಟರಲ್ಲಿ ಅವನ ಫೋನು ಬಡಿದುಕೊಂಡಿತು. ಧಣಿಗೆ ದೊಡ್ಡ ಆರ್ಡರ್ ಸಿಕ್ಕಿತ್ತು. ಸಂಜೆಯೊಳಗೆ ಲಾರಿಗಳೆಲ್ಲ ತುಂಬಬೇಕು. ಸೂಪರ್‌ವೈಸರನ ಕರವಸ್ತ್ರ ಜೇಬಿಗಿಳಿಯಿತು, ದನಿ ಬೆಲ್ಲವಾಯಿತು. ಬಾಟ್ಲಿಗಳನ್ನು ಬಕೆಟ್ಟಿಗೆ ಸುರಿ ಎಂದು ಅಕ್ಕನಿಗೆ ಹೇಳಿ, ಅವಳು ಸುರಿದು ಮುಗಿಸುವಷ್ಟರಲ್ಲಿ ಹಳೇ ಡಬ್ಬಿ ಹಿಡಿದು ಬಂದ.

"ಬನ್ರಪ್ಪಾ, ವಿಟಮಿನ್ ತಗೊಳ್ಳಿ. ಎಂಜಿನ್, ಮೊದ್ಲು ನೀನು."

ತಮ್ಮನ ಕೈ ತಾನಾಗಿ ಚಾಚಿಕೊಂಡಿತು. ಅಕ್ಕನಿಗೆ ಮೈಯೆಲ್ಲ ಉರಿಯಿತು. ಡಬ್ಬಿ ಕಿತ್ತುಕೊಂಡು ಮಾತ್ರೆಗಳನ್ನೆಲ್ಲ ಬಕೆಟ್ಟಿಗೆ ಸುರಿದಳು.

"ತಲೆ ಕೆಟ್ಟಿದೆಯೇನೇ ರಂಡೆ?" ಎಂದು ಸೂಪರ್‌ವೈಸರ್ ಕೈಯೆತ್ತಿದ. ಅಷ್ಟರಲ್ಲಿ ಅವಳ ತಮ್ಮನು ಅಂಗಿಯ ತೋಳು ಮಡಚಿಕೊಂಡು, ಮಾತ್ರೆ ಹೆಕ್ಕಲು ಬಕೆಟ್ಟಿನ ಕಡೆ ಬರುವುದು ಕಂಡಿತು. ಎತ್ತಿದ ಕೈ ಇಳಿಸಿ ನಕ್ಕ. "ನೋಡು, ನಿನ್ನ ತಮ್ಮಂಗಿರೋ ನಿಯತ್ತು ನಿಂಗಿಲ್ವಲ್ಲೇ."

ಅಕ್ಕ ಬಕೆಟ್ಟನ್ನು ಎತ್ತಿ ಅವನ ತಲೆಯ ಮೇಲೆ ಬಗ್ಗಿಸಿದಳು.

ಯಾರೂ ನಗಲಿಲ್ಲ. ಸೂಪರ್‌ವೈಸರ್ ಕಣ್ಣು ಮುಚ್ಚಿಕೊಂಡು ಥೂ ಥೂ ಎಂದು ಉಗುಳುತ್ತಾ ನಿಂತ. ಒದ್ದೆ ಅಂಗಿಯ ತುಂಬ ಬಿಳಿ ಮಾತ್ರೆ ಅಂಟಿದ್ದವು. ತಮ್ಮನು ಹತ್ತಿರ ಬಂದು, ಗಿಡದಿಂದ ಮೊಗ್ಗು ಬಿಡಿಸುವಷ್ಟು ನಯವಾಗಿ, ಅವನ ಎದೆಯಿಂದ ಒಂದೊಂದೇ ಮಾತ್ರೆ ಬಿಡಿಸತೊಡಗಿದ. ಉಳಿದವರೂ ಸಾಲು ಕೆಡದಂತೆ ಹಿಂದೆ ನಿಂತರು. ಅಕ್ಕ ತಮ್ಮನ ರಟ್ಟೆ ಹಿಡಿದು ಜಗ್ಗಿದಳು.

"ತಡಿಯಕ್ಕಾ," ಎಂದ ಅವನು, "ಕಾಲರ್ ಒಳಗೆ ಇನ್ನೊಂದಿದೆ."